ಸ್ಪಷ್ಟನೆ: ಹತ್ತು ಲಕ್ಷ ವ್ಯೂಸ್‌ಗೆ ಯೂಟ್ಯೂಬ್ ಲಕ್ಷ ರೂಪಾಯಿ ಕೊಡುತ್ತದೆಯೇ?

ಕಾಮಿಡಿ ಶಾರ್ಟ್ಸ್‌ಗೆ ಹತ್ತು ಲಕ್ಷ ವ್ಯೂಸ್ ಬಂದರೆ ಲಕ್ಷ ರೂಪಾಯಿ ಗ್ಯಾರಂಟಿ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. ವ್ಯೂಸ್‌ಗೆ ಇಷ್ಟು ಎಂಬ ದರಪಟ್ಟಿಯೇ ಯೂಟ್ಯೂಬ್‌ನಲ್ಲಿಲ್ಲ.

ಮೊದಲು ಜಾಹೀರಾತಿನ ಪಾಲಿಗೆ ಅರ್ಹರಾಗಬೇಕು: 1,000 ಸಬ್‌ಸ್ಕ್ರೈಬರ್‌ಗಳ ಜೊತೆಗೆ, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಹಲವರು ಎಡವುವುದು ಇಲ್ಲೇ.

ಶಾರ್ಟ್ಸ್ ನಡುವಿನ ಜಾಹೀರಾತಿನ ಹಣ ತಿಂಗಳಿಗೊಮ್ಮೆ ಒಟ್ಟುಗೂಡುತ್ತದೆ. ಅದರಲ್ಲಿ ಸಂಗೀತದ ಹಕ್ಕುದಾರರ ಪಾಲು ತೆಗೆದು, ಉಳಿದದ್ದನ್ನು ಆಯಾ ದೇಶದ ವ್ಯೂಸ್ ಲೆಕ್ಕದಲ್ಲಿ ಹಂಚಿ, ನಿಮ್ಮ ಭಾಗಕ್ಕೆ ಬಂದದ್ದರ 45% ಕೊಡುತ್ತಾರೆ. ಉದ್ದದ ವಿಡಿಯೊ ಆದರೆ 55%. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದ ಕೂಡಲೇ ವ್ಯೂ ಎಂದು ಎಣಿಸುತ್ತಾರೆ. ಹಾಗಾಗಿ ಪರದೆ ಮೇಲಿನ ಸಂಖ್ಯೆ ಉಬ್ಬಿದೆ, ಹಣ ಉಬ್ಬಿಲ್ಲ. ಹಣದ ಲೆಕ್ಕಕ್ಕೆ ಬರುವುದು ಕೂಡಲೇ ಸರಿಸಿ ಮುಂದೆ ಹೋಗದೆ ನೋಡಿದ ವ್ಯೂಸ್ ಮಾತ್ರ.

ಶಾರ್ಟ್ಸ್‌ಗೆ ಹಾಡು ಹಾಕಿದರೆ ನಿಮ್ಮ 45% ಕಡಿತವಾಗುತ್ತದೆ ಎಂಬ ಮಾತೂ ತಪ್ಪು, ಸಂಗೀತದ ಪಾಲನ್ನು ಹಂಚುವ ಮೊದಲೇ ತೆಗೆಯುವುದರಿಂದ ಆ ಪ್ರಮಾಣ ಬದಲಾಗದು. ಆದರೆ ಸಿನಿಮಾದ ಕಾಮಿಡಿ ಸೀನನ್ನು ಕತ್ತರಿಸಿ ಹಾಗೇ ಏರಿಸಿದರೆ ಆ ವ್ಯೂಸ್‌ಗೆ ಬಿಡಿಗಾಸೂ ಇಲ್ಲ. ಉದ್ದದ ಸ್ಕಿಟ್‌ನಲ್ಲಿ ಸಿನಿಮಾ ಹಾಡು ಬಳಸಿದರೆ, ಕಂಟೆಂಟ್ ಐಡಿ (ಹಕ್ಕು ಇರುವ ಹಾಡು, ದೃಶ್ಯಗಳನ್ನು ತಾನಾಗಿ ಗುರುತಿಸುವ ಯೂಟ್ಯೂಬ್ ವ್ಯವಸ್ಥೆ) ಮೂಲಕ ಹಕ್ಕುದಾರರು ಆ ವಿಡಿಯೊದ ಜಾಹೀರಾತಿನ ಹಣವನ್ನೆಲ್ಲ ಪಡೆಯಬಹುದು.

ಅಷ್ಟಾಗಿಯೂ ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಏನೂ ಬಾರದು. ಹಾಸ್ಯಗಾರರು ಶಾರ್ಟ್ಸ್ ಕೊನೆಗೆ ಲೈವ್ ಶೋ ಟಿಕೆಟ್‌ನ ವಿವರ ಹಾಕುವುದು ಸುಮ್ಮನೆ ಅಲ್ಲ.