ನ್ಯೂಜಿಲೆಂಡ್‌ನಲ್ಲಿ ಮೂರು ತಿಂಗಳು ವ್ಯಾನ್ ವಾಸ: ಮೊದಲು ತಿಂಗಳು ನೋಡಿ, ಆಮೇಲೆ ಕಿಲೋಮೀಟರ್

"ಕ್ಯಾಂಪರ್‌ವ್ಯಾನ್ ತಗೊಂಡ್ರೆ ಹೋಟೆಲ್ ಖರ್ಚಿಲ್ಲ, ಅಡುಗೆ ನಾವೇ ಮಾಡ್ಕೋತೀವಿ, ಅಲ್ಲಿಗೆ ಅರ್ಧ ದುಡ್ಡು ಉಳೀತು." ನ್ಯೂಜಿಲೆಂಡ್‌ಗೆ ಹೊರಡುವ ನಮ್ಮವರ ಬಾಯಲ್ಲಿ ಈ ಮಾತು ಪದೇ ಪದೇ ಕೇಳುತ್ತೇನೆ. ಎರಡು ವಾರದ ಪ್ರವಾಸಕ್ಕೆ ಈ ಲೆಕ್ಕ ಹೇಗೋ ನಡೆಯುತ್ತದೆ. ಮೂರು ತಿಂಗಳು ಅಂದರೆ ನಡೆಯುವುದಿಲ್ಲ. ಕೂಡಿಟ್ಟ ಹಣದಲ್ಲಿ, ಕೆಲಸಕ್ಕೆ ರಜೆ ಹಾಕಿಯೋ ನಿವೃತ್ತಿಯ ನಂತರವೋ ಹೋಗುವವರು ಇವರು. ನಡುದಾರಿಯಲ್ಲಿ ದುಡ್ಡು ಮುಗಿದು ವಾಪಸ್ ಬರುವ ಸ್ಥಿತಿ ಅವರಿಗೆ ಬರಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇಬ್ಬರು, 90 ದಿನ, ಮಾರ್ಚ್‌ನಿಂದ ಮೇ. ಒಂದು ನ್ಯೂಜಿಲೆಂಡ್ ಡಾಲರ್‌ಗೆ 50 ರೂಪಾಯಿ. ಹೀಗೆ ಇಟ್ಟುಕೊಂಡು ನಾನು ಹಾಕುವ ಅಂದಾಜು ಇದು. ಶೌಚಾಲಯ ಇರುವ, ಇಬ್ಬರು ಮಲಗುವ ವ್ಯಾನ್‌ಗೆ ದಿನಕ್ಕೆ 110 ಡಾಲರ್. ಪೂರ್ತಿ ವಿಮೆಗೆ ದಿನಕ್ಕೆ 30. ಇವೆರಡೇ 12,600 ಡಾಲರ್. ಡೀಸೆಲ್ ಮತ್ತು ರಸ್ತೆ ಶುಲ್ಕ 1,800. ರಾತ್ರಿ ತಂಗಲು 2,850. ದಿನಸಿ 2,600, ಹೊರಗಿನ ಊಟ ಕಾಫಿಗೆ 600. ಎರಡು ದ್ವೀಪಗಳ ನಡುವಿನ ಹಡಗಿಗೆ ಹೋಗಿ ಬರಲು 600. ನೋಡುವ ಜಾಗ, ದೋಣಿ ವಿಹಾರಕ್ಕೆ 1,500. ಗ್ಯಾಸ್, ಬಟ್ಟೆ ಒಗೆಯುವುದು, ಸಿಮ್ ಇತ್ಯಾದಿಗೆ 700. ಒಟ್ಟು 23,250 ಡಾಲರ್, ಅಂದರೆ ಸುಮಾರು 11 ಲಕ್ಷ 60 ಸಾವಿರ ರೂಪಾಯಿ. ವಿಮಾನ, ವೀಸಾ, ಪ್ರಯಾಣ ವಿಮೆ ಸೇರಿದರೆ 14 ಲಕ್ಷ ದಾಟುತ್ತದೆ. ಅದರ ಮೇಲೆ ಒಂದಿಷ್ಟು ಕೈಯಲ್ಲಿ ಇರಲೇಬೇಕು.

ಈಗ ಆ 12,600ನ್ನು ಮತ್ತೊಮ್ಮೆ ನೋಡಿ. ಅಲ್ಲಿಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ವ್ಯಾನ್‌ಗೇ ಹೋಯಿತು. ಜನ ತಲೆ ಕೆಡಿಸಿಕೊಳ್ಳುವುದು ಮಾತ್ರ ಅಕ್ಕಿ ಬೇಳೆಯ ಬಗ್ಗೆ! ಊಟದಲ್ಲಿ ಎಷ್ಟು ಬಿಗಿ ಹಿಡಿದರೂ ಮೂರು ತಿಂಗಳಲ್ಲಿ ಉಳಿಯುವುದು ಐನೂರು ಡಾಲರ್. ಅದೇ ಪ್ರವಾಸವನ್ನು ಜನವರಿಯಲ್ಲಿ ಮಾಡಿದರೆ ಇದೇ ವ್ಯಾನ್‌ನ ದಿನದ ಬಾಡಿಗೆ 200 ಡಾಲರ್ ದಾಟುತ್ತದೆ. 90 ದಿನಕ್ಕೆ ವ್ಯತ್ಯಾಸ ಎಂಟು ಸಾವಿರ ಡಾಲರ್, ನಾಲ್ಕು ಲಕ್ಷ ರೂಪಾಯಿ. ಹಾಗಾಗಿ ಬಜೆಟ್ ಮಾಡಲು ಕುಳಿತಾಗ ಮೊದಲು ನೋಡಬೇಕಾದದ್ದು ಕ್ಯಾಲೆಂಡರ್.

ಡಿಸೆಂಬರ್‌ನಿಂದ ಫೆಬ್ರವರಿ ಅಲ್ಲಿ ಬೇಸಿಗೆ, ಶಾಲೆಗಳಿಗೆ ರಜೆ. ಆ ದೇಶದವರೇ ವ್ಯಾನ್ ಹತ್ತಿ ಹೊರಟಿರುತ್ತಾರೆ. ಬಾಡಿಗೆ, ಹಡಗು, ತಂಗುದಾಣ, ಎಲ್ಲದರ ದರವೂ ಏರಿರುತ್ತದೆ. ಹಾಗಂತ ಜೂನ್‌ನಲ್ಲಿ ಬಾಡಿಗೆ ಬಿದ್ದಿದೆ ಎಂದು ಓಡಲೂ ಬೇಡಿ. ದಕ್ಷಿಣ ದ್ವೀಪದ ಕೆಳಭಾಗದಲ್ಲಿ ಆಗ ಹಗಲು ಎಂಟೂವರೆ ಗಂಟೆಯಷ್ಟೇ. ಚಾವಣಿಯ ಸೋಲಾರ್ ಹಾಳೆ ಬ್ಯಾಟರಿಯನ್ನು ತುಂಬಿಸುವುದಿಲ್ಲ. ಚಳಿಗೆ ಹೀಟರ್ ಬೇಕು, ಹೀಟರ್‌ಗೆ ಕರೆಂಟ್ ಬೇಕು. ಕರೆಂಟ್ ಇರುವ ಹಾಲಿಡೇ ಪಾರ್ಕ್‌ಗೆ ದಿನಾ ದುಡ್ಡು ಕಟ್ಟಬೇಕು. ಬಾಡಿಗೆಯಲ್ಲಿ ಉಳಿದದ್ದರಲ್ಲಿ ಒಳ್ಳೇ ಪಾಲು ಅಲ್ಲಿ ಹೋಗುತ್ತದೆ. ನನ್ನ ಮತ ಮಾರ್ಚ್, ಏಪ್ರಿಲ್‌ಗೆ. ಗಾಳಿ ಕಡಿಮೆ, ರಸ್ತೆ ಖಾಲಿ, ಸೆಂಟ್ರಲ್ ಒಟಾಗೊದಲ್ಲಿ ಎಲೆಗಳು ಬಂಗಾರದ ಬಣ್ಣಕ್ಕೆ ತಿರುಗುವ ಕಾಲ.

ಮಾರ್ಚ್‌ನಲ್ಲಿ ಹೊರಡುವುದಕ್ಕೆ ನಮಗೆ ಇನ್ನೊಂದು ಅನುಕೂಲವಿದೆ. ಒಂದು ಹಣಕಾಸು ವರ್ಷದಲ್ಲಿ ಒಬ್ಬರು 10 ಲಕ್ಷ ರೂಪಾಯಿಗಿಂತ ಹೆಚ್ಚು ಹೊರದೇಶಕ್ಕೆ ಕಳಿಸಿದರೆ, ಮೇಲಿನ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ (ಕಳಿಸುವಾಗಲೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ವಾಪಸ್ಸೂ ಪಡೆಯಬಹುದು. ಆದರೆ ಪ್ರವಾಸದ ಹೊತ್ತಿಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ. ಮಾರ್ಚ್ 31ರ ಒಳಗೆ ಒಂದು ಕಂತು, ಏಪ್ರಿಲ್‌ನಲ್ಲಿ ಇನ್ನೊಂದು ಕಂತು, ಗಂಡ ಹೆಂಡತಿ ಇಬ್ಬರ ಪ್ಯಾನ್‌ನಲ್ಲೂ ಅವರವರ ಖಾತೆಯಿಂದ. ಹೀಗೆ ಹಂಚಿಕೊಂಡರೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜುವ ಮುನ್ನ ವಿದೇಶಿ ವಹಿವಾಟಿನ ಶುಲ್ಕ ಎಷ್ಟು ಎಂದು ನೋಡಿ. ಬಹಳ ಕಾರ್ಡ್‌ಗಳಲ್ಲಿ ಅದು 3.5%, ಅದರ ಮೇಲೆ ಜಿಎಸ್‌ಟಿ. ಹತ್ತು ಲಕ್ಷಕ್ಕೆ ನಲವತ್ತು ಸಾವಿರ ರೂಪಾಯಿ ಸುಮ್ನೆ ಹೋಗುತ್ತದೆ.

ಇನ್ನು ಕಿಲೋಮೀಟರ್. ಉತ್ತರದ ತುದಿಯ ಕೇಪ್ ರೀಂಗಾದಿಂದ ದಕ್ಷಿಣದ ಬ್ಲಫ್‌ವರೆಗೆ ರಸ್ತೆಯಲ್ಲಿ ಸುಮಾರು 2,000 ಕಿ.ಮೀ. ಅಡ್ಡದಾರಿ, ವಾಪಸ್ ದಾರಿ ಎಲ್ಲ ಸೇರಿ 6,000 ಅಂದುಕೊಳ್ಳಿ. ಅಲ್ಲಿ ಬಂಕ್‌ನಲ್ಲಿ ಪೆಟ್ರೋಲ್‌ಗಿಂತ ಡೀಸೆಲ್ ಸಾಕಷ್ಟು ಅಗ್ಗ ಎಂದು ಕಾಣುತ್ತದೆ. ಆದರೆ ಪೆಟ್ರೋಲ್ ಬೆಲೆಯಲ್ಲಿ ರಸ್ತೆ ತೆರಿಗೆ ಸೇರಿರುತ್ತದೆ, ಡೀಸೆಲ್‌ನಲ್ಲಿ ಸೇರಿರುವುದಿಲ್ಲ. ಅದಕ್ಕಾಗಿ ಡೀಸೆಲ್ ಗಾಡಿಗಳು ಓಡಿದ ದೂರಕ್ಕೆ ಬೇರೆಯಾಗಿ ಕಟ್ಟಬೇಕು. ಸಣ್ಣ ಗಾಡಿಗೆ ಪ್ರತಿ 1,000 ಕಿ.ಮೀ.ಗೆ 76 ಡಾಲರ್. ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಇದನ್ನು ಕೊನೆಯ ದಿನ ಓಡೋಮೀಟರ್ ನೋಡಿ ವಸೂಲಿ ಮಾಡುತ್ತವೆ. ನೂರು ಕಿ.ಮೀ.ಗೆ 11 ಲೀಟರ್ ಕುಡಿಯುವ ವ್ಯಾನ್‌ಗೆ 6,000 ಕಿ.ಮೀ.ಗೆ 660 ಲೀಟರ್ ಬೇಕು. ಡೀಸೆಲ್ 2 ಡಾಲರ್ ಇದ್ದರೆ 1,320, ರಸ್ತೆ ಶುಲ್ಕ 456, ಒಟ್ಟು 1,776. ಪೆಟ್ರೋಲ್ 2.70 ಇದ್ದರೆ 1,782. ಎರಡೂ ಒಂದೇ! ಡೀಸೆಲ್ ಎಂದು ಖುಷಿಪಟ್ಟು ದೊಡ್ಡ ಗಾಡಿ ಹಿಡಿಯುವವರು ಈ ಲೆಕ್ಕ ಒಮ್ಮೆ ಮಾಡಲಿ.

ದೂರ ಕಡಿಮೆ ಮಾಡಿದರೆ ಉಳಿಯುವುದು ಇಂಧನ ಮಾತ್ರ ಅಲ್ಲ. ದಿನಾ 200 ಕಿ.ಮೀ. ಓಡಿಸುವವರು ಸಂಜೆ ಸುಸ್ತಾಗಿ ಸಿಕ್ಕ ಹಾಲಿಡೇ ಪಾರ್ಕ್‌ಗೆ ನುಗ್ಗುತ್ತಾರೆ. ಬಿಸಿನೀರು, ಕರೆಂಟ್ ಇರುವ ಜಾಗ ಇಬ್ಬರಿಗೆ ರಾತ್ರಿಗೆ 60 ಡಾಲರ್ ಆಗುತ್ತದೆ. ಅಡುಗೆ ಮಾಡಲು ಮನಸ್ಸು ಬರುವುದಿಲ್ಲ, ಪಿಜ್ಜಾ ತರಿಸುತ್ತಾರೆ. ಒಂದೇ ಕಡೆ ನಾಲ್ಕು ದಿನ ನಿಲ್ಲುವವರಿಗೆ ಈ ಒತ್ತಡ ಇಲ್ಲ. ಅಲ್ಲಿನ ಸಂರಕ್ಷಣಾ ಇಲಾಖೆಯವರು ಕೆರೆ ದಂಡೆ, ಕಾಡಿನಂಚಿನಲ್ಲಿ ತಂಗುದಾಣಗಳನ್ನು ನಡೆಸುತ್ತಾರೆ. ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎಲ್ಲರೂ ಅದನ್ನು ಡಾಕ್ (DOC) ಕ್ಯಾಂಪ್‌ಸೈಟ್ ಎಂದೇ ಕರೆಯುತ್ತಾರೆ. ಒಬ್ಬರಿಗೆ ಹತ್ತು ಹದಿನೈದು ಡಾಲರ್. ನೀರು, ಶೌಚಾಲಯ ಇರುತ್ತದೆ, ಹೆಚ್ಚು ಏನೂ ಇರುವುದಿಲ್ಲ. ಮೌಂಟ್ ಕುಕ್ ಬುಡದ ವೈಟ್ ಹಾರ್ಸ್ ಹಿಲ್ ಅಂಥ ಒಂದು ಜಾಗ. ಹಿಮಾಲಯದ ಮೊದಲ ಏರಿಕೆಗೆ ಮುನ್ನ ಎಡ್ಮಂಡ್ ಹಿಲರಿ ಪಳಗಿದ್ದು ಇದೇ ಬೆಟ್ಟಸಾಲಿನಲ್ಲಿ. ಅಲ್ಲಿಗೆ ಹೋಗಿ ಒಂದೇ ರಾತ್ರಿ ಇದ್ದು ಮೋಡ ನೋಡಿ ಬರುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಮೂರು ದಿನ ಕಾದರೆ ಶಿಖರ ಕಾಣುವ ಸಾಧ್ಯತೆ ಎಷ್ಟೋ ಹೆಚ್ಚು. ಖರ್ಚೂ ಕಡಿಮೆ.

ಪುಕ್ಕಟೆ ತಂಗುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಲ್ಲೆಂದರಲ್ಲಿ ನಿಲ್ಲಿಸಿ ಮಲಗುವ ಕಾಲ ಮುಗಿದಿದೆ. 2023ರ ಕಾಯ್ದೆಯ ನಂತರ ವ್ಯಾನ್ ಒಳಗೆ ಗಟ್ಟಿಯಾಗಿ ಕೂರಿಸಿದ ಶೌಚಾಲಯ ಇರಬೇಕು, ಗಾಜಿನ ಮೇಲೆ ಅದನ್ನು ದೃಢೀಕರಿಸುವ ಹಸಿರು ಚೀಟಿ ಇರಬೇಕು. ಇಂಥ ಶೌಚಾಲಯ ಇಲ್ಲದ ಗಾಡಿಯಲ್ಲಿ ತಂಗಿದರೆ 400 ಡಾಲರ್ ದಂಡ. ಹಸಿರು ಚೀಟಿ ಇದ್ದರೂ ಆಯಾ ಊರಿನ ಕೌನ್ಸಿಲ್ ಬೇಡ ಎಂದ ಕಡೆ ನಿಲ್ಲಿಸುವಂತಿಲ್ಲ. ಕ್ವೀನ್ಸ್‌ಟೌನ್ ಸುತ್ತಮುತ್ತ ಇದು ತುಂಬಾ ಕಟ್ಟುನಿಟ್ಟು. ದಂಡದ ನೋಟಿಸ್ ಬಾಡಿಗೆ ಕಂಪನಿಗೆ ಹೋಗುತ್ತದೆ, ಅವರು ತಮ್ಮ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡ್‌ನಿಂದ ತೆಗೆಯುತ್ತಾರೆ. ದುಡ್ಡಿನ ಮಾತು ಬಿಡಿ, ಈ ನಿಯಮ ಬಂದಿದ್ದೇ ಪ್ರವಾಸಿಗರು ಕೆರೆ ದಂಡೆಗಳನ್ನು ಹೊಲಸು ಮಾಡಿದ್ದಕ್ಕೆ. ನಮ್ಮ ಊರಿನ ಜಲಪಾತದ ಪಕ್ಕ ಬಾಟಲಿ, ಪ್ಲಾಸ್ಟಿಕ್ ರಾಶಿ ಕಂಡು ಸಿಟ್ಟಾಗುವ ನಾವು ಅಲ್ಲಿ ಹೋಗಿ ಹಾಗೆ ಮಾಡಬಾರದು.

ವಿಮೆಯಲ್ಲಿ ಉಳಿತಾಯ ಬೇಡವೇ ಬೇಡ. ದಿನಕ್ಕೆ ಮೂವತ್ತು ಡಾಲರ್ ಉಳಿಸಲು ಹೋದರೆ ಗಾಡಿಗೆ ಏನಾದರೂ ಆದಾಗ ಮೊದಲ ಐದಾರು ಸಾವಿರ ಡಾಲರ್ ನಿಮ್ಮ ತಲೆಯ ಮೇಲೆ. ಅಷ್ಟು ಮೊತ್ತವನ್ನು ಮೊದಲ ದಿನವೇ ಕಾರ್ಡ್‌ನಲ್ಲಿ ತಡೆಹಿಡಿಯುವುದೂ ಉಂಟು. ನಮ್ಮ ಕಾರ್ಡ್‌ನ ಮಿತಿಯೇ ಅಲ್ಲಿಗೆ ಮುಗಿಯುತ್ತದೆ, ದಿನಸಿಗೆ ಪರದಾಡಬೇಕು. ಪೂರ್ತಿ ವಿಮೆ ಎಂದರೂ ಚಾವಣಿಗೆ, ತಳಭಾಗಕ್ಕೆ ಆದ ಹಾನಿ, ತಪ್ಪು ಇಂಧನ ಹಾಕಿದ್ದು ಇಂಥವು ಹಲವು ಕರಾರುಗಳಲ್ಲಿ ಹೊರಗೇ ಇರುತ್ತವೆ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ಕಣಿವೆಯ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್, ಇವೆರಡಕ್ಕೂ ಬಾಡಿಗೆ ಗಾಡಿ ತಗೊಂಡು ಹೋದರೆ ವಿಮೆ ಇಲ್ಲ ಎಂದೇ ಲೆಕ್ಕ. ಕರಾರು ಓದಿ. ಅರ್ಧ ಗಂಟೆ ಹಿಡಿಯುತ್ತದೆ ಅಷ್ಟೇ.

ಯುರೋಪಿನ ಹುಡುಗ ಹುಡುಗಿಯರು ಹಾಕುವ ವಿಡಿಯೋಗಳನ್ನು ನೋಡಿ ಬಜೆಟ್ ಮಾಡುವವರಿಗೆ ಒಂದು ಮಾತು. ಅವರಲ್ಲಿ ಹೆಚ್ಚಿನವರು ದುಡಿಯಲು ಅನುಮತಿ ಇರುವ ವೀಸಾದಲ್ಲಿ ಬಂದಿರುತ್ತಾರೆ. ಎರಡು ತಿಂಗಳು ಕಿವಿ ಹಣ್ಣು ಕೊಯ್ದು, ಆ ದುಡ್ಡಲ್ಲಿ ಮುಂದಿನ ಎರಡು ತಿಂಗಳು ತಿರುಗುತ್ತಾರೆ. ನಾವು ವಿಸಿಟರ್ ವೀಸಾದಲ್ಲಿ ಹಾಗೆ ದುಡಿಯುವಂತಿಲ್ಲ. 2025ರ ಜನವರಿ 27ರಿಂದ ಒಂದು ಬಾಗಿಲು ತೆರೆದಿದೆ: ನಿಮ್ಮ ಭಾರತದ ಕಂಪನಿಯ ಕೆಲಸವನ್ನು ಅಲ್ಲಿಂದ ಮಾಡಬಹುದು. ಬೆಂಗಳೂರಿನ ಐಟಿ ಮಂದಿಗೆ ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಹೆಚ್ಚು ದಿನ ಉಳಿದರೆ ಅಲ್ಲಿನ ತೆರಿಗೆಯ ಪ್ರಶ್ನೆ ಏಳಬಹುದು. ಕಂಪನಿಯ ಒಪ್ಪಿಗೆಯೂ ಬೇಕು. ಇನ್ನು ವೀಸಾಗೆ ತಿಂಗಳಿಗೆ ತಲಾ 1,000 ಡಾಲರ್ ತೋರಿಸಿ ಎನ್ನುತ್ತಾರಲ್ಲ, ಅದನ್ನೇ ಬಜೆಟ್ ಎಂದು ತಿಳಿಯಬೇಡಿ. ಮೇಲಿನ ಅಂದಾಜಿನಲ್ಲಿ ಒಬ್ಬರ ಪಾಲಿಗೆ ತಿಂಗಳಿಗೆ ಬಂದದ್ದು ಹತ್ತಿರಹತ್ತಿರ 3,900.

ವ್ಯಾನ್ ಕೊಂಡುಬಿಟ್ಟರೆ ಹೇಗೆ? ಮೂರು ತಿಂಗಳು ದಾಟುವವರಿಗೆ ಇದು ಯೋಚಿಸಬೇಕಾದ ದಾರಿ. ಪ್ರವಾಸಿಗರೂ ಗಾಡಿ ಕೊಳ್ಳಬಹುದು. ವಾರಂಟ್ ಆಫ್ ಫಿಟ್‌ನೆಸ್ (ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ) ಚಾಲ್ತಿಯಲ್ಲಿದೆಯೇ, ಹಿಂದಿನ ಮಾಲೀಕರ ಸಾಲ ಗಾಡಿಯ ಮೇಲಿದೆಯೇ, ಹಸಿರು ಚೀಟಿ ಇದೆಯೇ, ಈ ಮೂರು ನೋಡದೆ ದುಡ್ಡು ಕೊಡಬೇಡಿ. ಆ ದೇಶದಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಅಲ್ಲ. ಆದರೂ ಮಾಡಿಸಿ. ವಸಂತದಲ್ಲಿ ಎಲ್ಲರೂ ಕೊಳ್ಳಲು ನಿಲ್ಲುತ್ತಾರೆ, ಏಪ್ರಿಲ್ ಮೇ ಬಂದರೆ ಎಲ್ಲರೂ ಮಾರಲು ನಿಲ್ಲುತ್ತಾರೆ. ಮಾರಲು ಕೊನೆಯಲ್ಲಿ ಎರಡು ಮೂರು ವಾರ ಬಿಡುವು ಇಲ್ಲದಿದ್ದರೆ ಸಿಕ್ಕ ಬೆಲೆಗೆ ಕೊಟ್ಟು ವಿಮಾನ ಹತ್ತಬೇಕಾಗುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಬಾಡಿಗೆಯೇ ಸರಿ ಎನ್ನುತ್ತೇನೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ದಿನಸಿಗೆ ಪಾಕ್‌ನ್‌ಸೇವ್ ಸೂಪರ್‌ಮಾರ್ಕೆಟ್, ಬೇಳೆ ಮಸಾಲೆಗೆ ಆಕ್ಲೆಂಡ್‌ನ ಸ್ಯಾಂಡ್ರಿಂಗಮ್ ಕಡೆಯ ಭಾರತೀಯ ಅಂಗಡಿಗಳು. ಮನೆಯಿಂದ ಒಯ್ಯುವ ಪ್ರತಿ ಪೊಟ್ಟಣವನ್ನೂ, ಸಾರಿನ ಪುಡಿಯಾಗಲಿ ಉಪ್ಪಿನಕಾಯಿಯಾಗಲಿ, ಇಳಿಯುವ ಮುನ್ನ ತುಂಬುವ ಅರ್ಜಿಯಲ್ಲಿ ತೋರಿಸಿ. ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ತೋರಿಸದೆ ಸಿಕ್ಕಿದರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನುತುಪ್ಪವನ್ನಂತೂ ಒಳಗೆ ಬಿಡುವುದೇ ಇಲ್ಲ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಗಮನವಿಟ್ಟು ಓದಿ. ಅಲ್ಲಿ ಜಾರಿ ಬಿದ್ದು ಕಾಲು ಮುರಿದರೆ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ, ಪ್ರವಾಸಿಗರಿಗೂ. ಇದನ್ನು ಕೇಳಿ ಕೆಲವರು ಪ್ರಯಾಣ ವಿಮೆಯನ್ನೇ ಬಿಡುತ್ತಾರೆ. ಎಸಿಸಿ ಇರುವುದು ಅಪಘಾತದ ಗಾಯಕ್ಕೆ ಮಾತ್ರ. ಎದೆನೋವು, ಸಕ್ಕರೆ ಏರುಪೇರು, ನ್ಯುಮೋನಿಯಾ ಬಂದರೆ ಪೂರ್ತಿ ಬಿಲ್ ನಿಮ್ಮದೇ. ಮೊದಲೇ ಇರುವ ಕಾಯಿಲೆಗಳೂ ಸೇರಿದ ವಿಮೆ ಇಲ್ಲದೆ ಅರವತ್ತು ದಾಟಿದವರನ್ನು ವ್ಯಾನ್ ಹತ್ತಿಸಬೇಡಿ.

ಮಕ್ಕಳ ಶಾಲೆ, ರಜೆ ಅಂತ ಡಿಸೆಂಬರ್‌ನಲ್ಲೇ ಹೋಗಬೇಕಾದವರು ಮೂರು ವಾರಕ್ಕೆ ಇಳಿಸಿ, ದಕ್ಷಿಣ ದ್ವೀಪ ಮಾತ್ರ ಇಟ್ಟುಕೊಳ್ಳಿ. ಕ್ರೈಸ್ಟ್‌ಚರ್ಚ್‌ನಲ್ಲಿ ವ್ಯಾನ್ ತಗೊಂಡು ಅಲ್ಲೇ ವಾಪಸ್ ಕೊಡಿ. ಹಡಗಿನ ಖರ್ಚೂ ಇಲ್ಲ, ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಡುವ ಶುಲ್ಕವೂ ಇಲ್ಲ. ಮಿಲ್‌ಫೋರ್ಡ್‌ಗೆ ಹೋಗುವ ಮುನ್ನ ಟೆ ಅನೌದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ಹೋಗಿ ಬರಲು ಸುಮಾರು 240 ಕಿ.ಮೀ. ಇದೆ. ನಿಮ್ಮ ತಿಂಗಳು, ದಿನ, ಎಷ್ಟು ಜನ ಎಂಬುದನ್ನು ಕಾಮೆಂಟ್‌ನಲ್ಲಿ ಹಾಕಿ, ಲೆಕ್ಕ ಮಾಡಿ ಕೊಡುತ್ತೇನೆ.