ರೋಗ ಬರುವ ಮೊದಲು ಬ್ಯಾನರ್ ಬರಲಿ

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಸಾಂಕ್ರಾಮಿಕ ರೋಗ ಮುನ್ನೆಚ್ಚರಿಕೆ ಸಮಿತಿ ಹುಟ್ಟಿಕೊಂಡಿದೆ. ಯಾವ ಧರ್ಮದ್ದು ಅಂತ ಕೇಳಬೇಡಿ. ನಿಮ್ಮದೇ ಅಂತ ಇಟ್ಟುಕೊಳ್ಳಿ, ಲೆಕ್ಕ ತಪ್ಪುವುದಿಲ್ಲ. ಸಮಿತಿಯಲ್ಲಿ 27 ಜನ. ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಷರ ದುಂಡಗಿದೆ ಎನ್ನುವುದೊಂದೇ ನನ್ನ ಅರ್ಹತೆ.

ಮೊದಲ ಸಭೆ ಕಚೇರಿ ಕೋಣೆಯಲ್ಲಿ ನಡೆಯಿತು. 8 ಜನ ಕೂರಬಹುದಾದ ಕೋಣೆ. ಕಿಟಕಿ ತೆರೆದರೆ ಹೊರಗಿನ ಗಲಾಟೆ ಒಳಗೆ ಬರುತ್ತದೆ ಎಂದು ಕಿಟಕಿ ಮುಚ್ಚಿದರು. ಬಾಗಿಲು ತೆರೆದರೆ ಒಳಗಿನ ಗಲಾಟೆ ಹೊರಗೆ ಹೋಗುತ್ತದೆ ಎಂದು ಅದನ್ನೂ ಮುಚ್ಚಿದರು. ಅಧ್ಯಕ್ಷರಿಗೆ ಮೂರು ದಿನದಿಂದ ಕೆಮ್ಮು. "ಇದು ಆ ಕೆಮ್ಮಲ್ಲ, ಮಾಮೂಲಿ ಕೆಮ್ಮು" ಎಂದು ಶುರುವಿಗೇ ಹೇಳಿಬಿಟ್ಟರು. ಕೆಮ್ಮಿನ ಪರಿಚಯ ಆದ ಮೇಲೆ ಯಾರೂ ದೂರ ಸರಿಯಲಿಲ್ಲ. ಸರಿಯುವುದಕ್ಕೆ ಜಾಗವೂ ಇರಲಿಲ್ಲ ಬಿಡಿ.

ಮೊದಲ ವಿಷಯ ಬ್ಯಾನರ್. ಇದಕ್ಕೆ 55 ನಿಮಿಷ ಹಿಡಿಯಿತು. ಯಾರ ಫೋಟೋ ಎಲ್ಲಿ, ಯಾರು ನಗುತ್ತಿರಬೇಕು, ಯಾರು ಕೈಮುಗಿದಿರಬೇಕು ಎಂಬುದೆಲ್ಲ ಸಣ್ಣ ವಿಷಯಗಳಲ್ಲ. ವೈರಸ್ಸಿನ ಚಿತ್ರವೂ ಇರಲಿ ಎಂದು ಯಾರೋ ಹೇಳಿದರು. ಖಜಾಂಚಿಗಳು ತಕ್ಷಣ ಎದ್ದು ನಿಂತರು. "ವೈರಸ್ಸು ಗುರುಗಳಿಗಿಂತ ದೊಡ್ಡದಾಗಿ ಕಾಣಬಾರದು. ಪದಾಧಿಕಾರಿಗಳಿಗಿಂತಲೂ ದೊಡ್ಡದಿರಬಾರದು." ಕೊನೆಗೆ ಬ್ಯಾನರ್ ಮುದ್ರಿಸಿದವರ ಹೆಸರು ಬರುತ್ತದಲ್ಲ, ಕೆಳಗಿನ ಮೂಲೆ, ಅಲ್ಲಿ ವೈರಸ್ಸಿಗೆ ಜಾಗ ಸಿಕ್ಕಿತು.

ಎರಡನೆಯದು, ಹಣೆಗೆ ಗುರಿಯಿಟ್ಟು ಜ್ವರ ನೋಡುವ ಯಂತ್ರ. ಸಮಿತಿಯಲ್ಲಿ ಒಬ್ಬ ನರ್ಸ್ ಇದ್ದಾಳೆ. "ಮಹಿಳೆಯರೂ ಯುವಜನರೂ ಇರಬೇಕು" ಎಂಬ ನಿಯಮಕ್ಕೆ ಒಂದೇ ಕುರ್ಚಿಯಲ್ಲಿ ಎರಡೂ ಆಯಿತು ಎಂದು ಸೇರಿಸಿಕೊಂಡಿದ್ದರು. ಅವಳು ಹೇಳಿದಳು: "ಸಾರ್, ಎಲ್ಲ ರೋಗವೂ ಜ್ವರ ಬಂದ ಮೇಲೇ ಹರಡುವುದಿಲ್ಲ. ದಡಾರ ಇದೆಯಲ್ಲ, ಮೈಮೇಲೆ ದದ್ದು ಕಾಣುವುದಕ್ಕೆ 4 ದಿನ ಮೊದಲೇ ಹರಡಲು ಶುರುವಾಗುತ್ತದೆ. ರೋಗಿ ಎದ್ದು ಹೋದ ಮೇಲೂ ಆ ವೈರಸ್ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೂ ಇರಬಲ್ಲದು. ಅದಕ್ಕೇ ಕಿಟಕಿ..." ಅಧ್ಯಕ್ಷರು ಕೆಮ್ಮಿದರು. ಖಜಾಂಚಿಗಳು ವಿಷಯವನ್ನು ಗಂಭೀರವಾಗಿ ತೆಗೆದುಕೊಂಡು, "ಹಾಗಾದ್ರೆ ಯಂತ್ರ ಎರಡು ತರೋಣ" ಎಂದರು. ಕಿಟಕಿಯ ಮಾತು ನಡಾವಳಿಯಲ್ಲಿಲ್ಲ.

ಆಮೇಲೆ ಬಾಗಿಲಲ್ಲಿ ಔಷಧಿ ಸಿಂಪಡಿಸುವ ಸುರಂಗ ಕಟ್ಟುವ ಪ್ರಸ್ತಾಪ ಬಂತು. ಮನುಷ್ಯರ ಮೈಮೇಲೆ ಸೋಂಕುನಿವಾರಕ ಎರಚಬೇಡಿ, ಕಣ್ಣಿಗೂ ಚರ್ಮಕ್ಕೂ ಹಾನಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ಆದರೂ ಸುರಂಗ ಪಾಸಾಯಿತು. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಅಲ್ವಾ? ತೆರೆದ ಕಿಟಕಿಯ ಫೋಟೋ ತೆಗೆದು ಯಾರಿಗೆ ಕಳಿಸುವುದು?

ನರ್ಸ್ ಬಿಡಲಿಲ್ಲ. "ಹುಷಾರಿಲ್ಲದವರು ಮನೆಯಲ್ಲೇ ಇರಿ, ಬರದಿದ್ದರೆ ಪಾಪವೇನೂ ಇಲ್ಲ ಅಂತ ಗುರುಗಳು ಮೈಕಿನಲ್ಲಿ ಒಂದು ಮಾತು ಹೇಳಿದರೆ ಸಾಕು, ಸಾರ್." ಸಭೆ ಬೆಚ್ಚಿಬಿದ್ದಿತು. ನಮ್ಮಲ್ಲಿ ವರ್ಷವಿಡೀ ಒಂದು ದಿನವೂ ತಪ್ಪದೆ ಬಂದವರಿಗೆ ಬಹುಮಾನವಿದೆ. ಕಳೆದ ಸಲ ಗೆದ್ದವರು ಮೈ ಸುಡುವ ಜ್ವರದಲ್ಲಿ, ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬಂದಿದ್ದರು. ಅವರ ಭಕ್ತಿಯನ್ನು ಮೈಕಿನಲ್ಲಿ ಹತ್ತು ನಿಮಿಷ ಹೊಗಳಿದೆವು. ಹೆಗಲು ಕೊಟ್ಟ ಇಬ್ಬರು ಮುಂದಿನ ವಾರ ಬರಲಿಲ್ಲ. ಅವರ ಭಕ್ತಿ ಕಡಿಮೆಯಾಯಿತು ಎಂದು ನಾವೇ ಮಾತಾಡಿಕೊಂಡೆವು.

ನಾನೂ ಸುಮ್ನೆ ಇರಲಾರದೆ ಓದಿದ್ದೊಂದನ್ನು ಹೇಳಿದೆ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಸ್ಪೇನ್ ದೇಶದ ಜಮೋರಾದಲ್ಲಿ ಬಿಷಪ್ಪರು ಒಂಬತ್ತು ದಿನದ ವಿಶೇಷ ಪ್ರಾರ್ಥನೆ ಕರೆದರು. ಜನ ಸಾಲುಗಟ್ಟಿ ನಿಂತು ಸಂತರೊಬ್ಬರ ಪವಿತ್ರ ಅವಶೇಷಕ್ಕೆ ಒಬ್ಬರಾದ ಮೇಲೊಬ್ಬರು ಮುತ್ತಿಟ್ಟರು. ಆ ದೇಶದಲ್ಲಿ ಅತಿ ಹೆಚ್ಚು ಸಾವು ಕಂಡ ಊರುಗಳಲ್ಲಿ ಜಮೋರಾವೂ ಒಂದಾಯಿತು. ಕೋಣೆ ಒಂದು ಗಳಿಗೆ ನಿಶ್ಶಬ್ದವಾಯಿತು. ಹಿರಿಯರೊಬ್ಬರು ಮುಂದೆ ಬಾಗಿ ಕೇಳಿದರು: "ಒಂಬತ್ತೂ ದಿನ ಜನ ಸೇರಿದ್ರಾ?" ದನಿಯಲ್ಲಿ ಸಣ್ಣ ಹೊಟ್ಟೆಕಿಚ್ಚಿತ್ತು.

ಹಾಡಿನ ತಂಡದ ಮುಖ್ಯಸ್ಥರಿಗೆ ನರ್ಸ್ ಇನ್ನೊಂದು ಹೇಳಿದಳು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗಾಯನ ತಂಡವೊಂದರ 61 ಜನ ಸೇರಿ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಖಚಿತ ಮತ್ತು ಸಂಭವನೀಯ ಪ್ರಕರಣ ಸೇರಿ 53 ಜನಕ್ಕೆ ಕೋವಿಡ್ ಬಂತು. ಇಬ್ಬರು ತೀರಿಕೊಂಡರು. ಮುಖ್ಯಸ್ಥರು ಯೋಚಿಸಿದರು. "ನಾವು ಅಷ್ಟು ಹೊತ್ತು ಅಭ್ಯಾಸ ಮಾಡೋದೇ ಇಲ್ಲಮ್ಮ" ಎಂದರು. ನಮ್ಮ ಹಾಡು ಕೇಳಿದವರಿಗೆ ಇದು ಹೊಸ ಸುದ್ದಿಯಲ್ಲ.

ಅವಳು ಹೇಳಿದ ಮೂರನೇ ಕಥೆ ನನಗೆ ಎಲ್ಲಕ್ಕಿಂತ ಹಿಡಿಸಿತು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂತು. ಬೀದಿಯ ನೀರಿನ ಪಂಪೇ ಕಾರಣ ಎಂದು ಡಾಕ್ಟರ್ ಜಾನ್ ಸ್ನೋ ಹೇಳಿದರು. ಅಲ್ಲಿನ ಯುವ ಪಾದ್ರಿ ಹೆನ್ರಿ ವೈಟ್‌ಹೆಡ್ ನಂಬಲಿಲ್ಲ. ಡಾಕ್ಟರ ಮಾತು ತಪ್ಪು ಎಂದು ತೋರಿಸಲು ಮನೆಮನೆ ಹತ್ತಿ ಇಳಿದರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಸತ್ತರು, ಯಾರು ಆ ನೀರು ಕುಡಿದರು ಎಂದೆಲ್ಲ ಕೇಳಿದರು. ಪಾದ್ರಿ ಪರಿಚಯದವರಲ್ವಾ, ಜನ ಬಾಯಿಬಿಟ್ಟರು. ಪಂಪಿನ ಪಕ್ಕದ 40ನೇ ನಂಬರ್ ಮನೆಯಲ್ಲಿ ಒಂದು ಹಸುಗೂಸಿಗೆ ಮೊದಲೇ ಭೇದಿಯಾಗಿತ್ತು. ಅದರ ಬಟ್ಟೆ ತೊಳೆದ ನೀರು ಬಾವಿಗೆ ತಾಗಿದಂತಿದ್ದ ಕೊಳಚೆ ಗುಂಡಿಗೆ ಬಿದ್ದಿತ್ತು. ಇದನ್ನು ಪತ್ತೆ ಮಾಡಿದವರು ಆ ಪಾದ್ರಿಯೇ. ಕೊನೆಗೆ ಅವರು ತಮ್ಮ ಅಭಿಪ್ರಾಯ ಬದಲಿಸಿದರು.

"ಬದಲಿಸಿದ್ರಾ?" ಅಧ್ಯಕ್ಷರು ಕೇಳಿದರು. ಇಡೀ ಕಥೆಯಲ್ಲಿ ಅವರಿಗೆ ನಂಬಲಾಗದೆ ಹೋದದ್ದು ಇದೊಂದೇ.

"ನಮ್ಮಲ್ಲೂ ಯಾರು ಎಲ್ಲಿದ್ದಾರೆ ಅಂತ ಪಟ್ಟಿ ಇದೆಯಾ, ಸಾರ್? ಒಂಟಿಯಾಗಿರುವವರು, ವಯಸ್ಸಾದವರು? ದಿನಾ ಯಾರಾದರೂ ಫೋನ್ ಮಾಡಿ ವಿಚಾರಿಸಬಹುದು" ಎಂದಳು. ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಧಾರ್ಮಿಕ ಮುಖಂಡರಿಗೆಂದೇ ಹೊರಡಿಸಿದ ಸಲಹೆಯಲ್ಲೂ ಇದು ಇತ್ತು. ನಮ್ಮ ಮಂದಿರ ಅದನ್ನು ಆಗಲೇ ತರಿಸಿ, ಲ್ಯಾಮಿನೇಷನ್ ಮಾಡಿಸಿ, ಬೀರುವಿನಲ್ಲಿಟ್ಟಿದೆ.

ಪಟ್ಟಿ ಇದೆ ಎಂದು ಖಜಾಂಚಿಗಳು ಹೆಮ್ಮೆಯಿಂದ ರಿಜಿಸ್ಟರ್ ತೆಗೆದರು. ಅಚ್ಚುಕಟ್ಟು ಎಂದರೆ ಅದು. ಹೆಸರು, ವಿಳಾಸ, ಫೋನ್ ನಂಬರ್, ಹುಟ್ಟಿದ ದಿನ, ಮದುವೆ ದಿನ. ಕೊಟ್ಟ ಹಣ ನೀಲಿ ಶಾಯಿಯಲ್ಲಿ, ಕೊಡುತ್ತೇನೆಂದು ಕೊಡದ ಹಣ ಕೆಂಪು ಶಾಯಿಯಲ್ಲಿ. ಅದು ದಾನಿಗಳ ಪಟ್ಟಿ.

"ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕೂರ್ತಾರಲ್ಲ, ಕಂಬದ ಪಕ್ಕ?" ನರ್ಸ್ ಕೇಳಿದಳು. ಎಲ್ಲರಿಗೂ ಗೊತ್ತಿತ್ತು. ಹೆಸರು ಕೇಳಿದಾಗ ನಾಲ್ಕು ಜನ ನಾಲ್ಕು ಹೆಸರು ಹೇಳಿದರು. ಮನೆ ಎಲ್ಲಿ ಎಂದರೆ ಎಲ್ಲರೂ ಕಿಟಕಿಯ ಕಡೆ ಕೈ ತೋರಿಸಿದರು. ಅಜ್ಜಿ ಪ್ರತಿ ವಾರ ಹುಂಡಿಗೆ ಚಿಲ್ಲರೆ ಹಾಕುತ್ತಾರೆ. ಹುಂಡಿಗೆ ಹಾಕಿದವರಿಗೆ ರಸೀದಿ ಇಲ್ಲ, ರಸೀದಿ ಇಲ್ಲದವರು ರಿಜಿಸ್ಟರಿನಲ್ಲಿ ಇಲ್ಲ.

ಪಟ್ಟಿ ಮಾಡಲು ಮನೆಮನೆ ತಿರುಗಬೇಕು, ಅದು ಜಾಸ್ತಿ ಕೆಲಸ. ಬದಲಿಗೆ ಸಹಾಯವಾಣಿ ತೆರೆಯೋಣ, ಬೇಕಾದವರು ಅವರೇ ಫೋನ್ ಮಾಡಲಿ ಎಂದು ತೀರ್ಮಾನವಾಯಿತು. ನಂಬರ್ ಯಾವುದು? ಕಚೇರಿಯ ಲ್ಯಾಂಡ್‌ಲೈನ್. ಇದು ನಡಾವಳಿಯ 5ನೇ ನಿರ್ಣಯ. ರೋಗ ಬಂದ ದಿನವೇ ಮಂದಿರಕ್ಕೂ ಕಚೇರಿಗೂ ಬೀಗ ಹಾಕುವುದು 4ನೇ ನಿರ್ಣಯ. ಎರಡೂ ನನ್ನದೇ ದುಂಡಗಿನ ಅಕ್ಷರದಲ್ಲಿವೆ. ಬರೆಯುವಾಗ ನನಗೂ ಹೊಳೆಯಲಿಲ್ಲ.

ಮೂರನೇ ದಿನ ಅಧ್ಯಕ್ಷರು ಮಲಗಿದರು. ವಾರದೊಳಗೆ 27ರಲ್ಲಿ 11 ಜನ ಮಲಗಿದರು. ಮುನ್ನೆಚ್ಚರಿಕೆ ಸಮಿತಿಯ ಎರಡನೇ ಸಭೆಯನ್ನು "ಸದಸ್ಯರ ಅನಾರೋಗ್ಯದ ಕಾರಣ" ಮುಂದೂಡಲಾಯಿತು. ಕಾರಣದ ಮುಂದೆ "ಮಾಮೂಲಿ ಕೆಮ್ಮು" ಎಂದು ಸೇರಿಸಲು ಅಧ್ಯಕ್ಷರು ಹಾಸಿಗೆಯಿಂದಲೇ ಹೇಳಿ ಕಳಿಸಿದರು. ಸೇರಿಸಿದೆ.

ನಿನ್ನೆ ಸಂಜೆ ಆ ಕಡೆ ಹೋಗಿದ್ದೆ. 4ನೇ ನಿರ್ಣಯದಂತೆ ಗೇಟಿಗೆ ಬೀಗ. ಮೇಲೆ ಬ್ಯಾನರ್. ಗುರುಗಳು ನಗುತ್ತಿದ್ದರು, ಪದಾಧಿಕಾರಿಗಳು ಕೈಮುಗಿದಿದ್ದರು, ವೈರಸ್ಸು ಮೂಲೆಯಲ್ಲಿ ತನ್ನ ಪಾಡಿಗೆ ಇತ್ತು. ಅದರ ಪಕ್ಕದಲ್ಲೇ ಸಹಾಯವಾಣಿಯ ನಂಬರ್. ಪರೀಕ್ಷಿಸಿ ನೋಡೋಣ ಅಂತ ಜೇಬಿನಿಂದ ಮೊಬೈಲ್ ತೆಗೆದೆ.

ಮುಚ್ಚಿದ ಕಿಟಕಿಯ ಹಿಂದೆ ಫೋನ್ ಆಗಲೇ ರಿಂಗಾಗುತ್ತಿತ್ತು. ನಾನಿನ್ನೂ ನಂಬರ್ ಒತ್ತಿರಲಿಲ್ಲ.