ಪ್ಲಗ್ ಕ್ಲೀನ್ ಮಾಡಿಸ್ಕೊಂಡ್ ಬರ್ತೀನಿ

ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು 1984ರದ್ದು, ನಂಗಿಂತ ಎರಡು ವರ್ಷ ದೊಡ್ಡದು, ಹಂಗಾಗಿ ಮನೇಲಿ ಅದಕ್ಕೇ ಮರ್ಯಾದೆ ಜಾಸ್ತಿ. ಮಳೆ ಬಂದ್ರೆ ಅದು ಹಜಾರದೊಳಗೆ, ನನ್ನ ಸ್ಕೂಟರ್ ಆಚೆ. ನಮ್ಮ ಪಾಲಿಗೆ ಅದೇ ಸ್ಪೋರ್ಟ್ಸ್ ಕಾರು ಅನ್ಕೊಳ್ಳಿ. 250 ಸಿಸಿ, ಸಿಲಿಂಡರ್ ಒಂದೇ ಆದ್ರೂ ಸೈಲೆನ್ಸರ್ ಎರಡು, ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಕಡ್ಡಿ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್ ಆಗುತ್ತೆ. ಒಂದ್ಸಲ ನನ್ನ ಭಾಮೈದ "ಭಾವ, ನಿಮ್ ಗಾಡಿ ಕಿಕ್ಕರ್ ಯಾರೋ ಕದ್ಬಿಟ್ಟವ್ರೆ" ಅಂತ ಓಡ್ ಬಂದಿದ್ದ.

ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಬೈಕ್ ಇರೋರೆಲ್ಲ ಸೇರ್ಕೊಂಡು ಜಾವಾ-ಯೆಜ್ಡಿ ಡೇ ಅಂತ ಮಾಡ್ತಾರಲ್ಲ, ಮೈಸೂರಲ್ಲಿ ಈ ಸಲ ನಾನೂ ಹೋಗ್ಲೇಬೇಕು ಅಂತ ಮೇ ತಿಂಗಳಲ್ಲೇ ಗಾಡಿ ಆಚೆ ತೆಗೆದೆ. ಮಂಡ್ಯದಲ್ಲಿ ಐದು ಲೀಟರ್ ಪೆಟ್ರೋಲ್ ಹಾಕಿಸ್ದೆ. ಇದು ಟೂ ಸ್ಟ್ರೋಕು, ಪಿಸ್ಟನ್‌ಗೆ ಜಿಡ್ಡು ಸಿಗೋದು ಪೆಟ್ರೋಲಲ್ಲಿ ಬೆರೆಸಿದ ಟೂಟಿ ಆಯಿಲಿಂದ ಮಾತ್ರ, ನಮ್ಮಪ್ಪನ ಲೆಕ್ಕದಲ್ಲಿ ಲೀಟರಿಗೆ 40 ಮಿಲಿ. ಅಳತೆ ಡಬ್ಬಿ ಕೈಗೆ ತಗೊಂಡೆ, ಅಷ್ಟರಲ್ಲಿ ಆಫೀಸಿಂದ ಫೋನು, ಬಾಸ್‌ಗೆ ಹ್ಞೂಂ ಸಾರ್ ಹ್ಞೂಂ ಸಾರ್ ಅನ್ಕೊಂಡೇ ಡಬ್ಬಿ ವಾಪಸ್ ಸೈಡ್ ಬಾಕ್ಸಿಗೆ ಹಾಕಿ, ಟ್ಯಾಂಕ್ ಮುಚ್ಚಿ, ಹೊರಟೇಬಿಟ್ಟೆ.

2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಎಂಟ್ರಿ ಇಲ್ವಲ್ಲ, ಸರ್ವಿಸ್ ರೋಡಲ್ಲಿ ಅರವತ್ತರಲ್ಲಿ ಹೋಗ್ತಾ ಇದ್ದೆ, ಕಿರಂಗೂರು ಹತ್ರ ಢುಗುಢುಗು ಅಂತಿದ್ದ ಸೌಂಡು ಇದ್ದಕ್ಕಿದ್ದಂಗೆ ಕಿರ್ರ್ ಅಂತು, ಹಿಂದಿನ್ ಚಕ್ರ ಲಾಕು, ಕ್ಲಚ್ ಹಿಡಿದಿದ್ದಕ್ಕೆ ಹಲ್ಲು ಉಳೀತು. ಪಕ್ಕದಲ್ಲೇ ಕಬ್ಬಿನಹಾಲು ಅಂಗಡಿ, ಅಲ್ಲಿ ಐದು ಜನ ಕೂತಿದ್ರು, ಐದೂ ಜನ ಮೆಕ್ಯಾನಿಕ್ಕು. ಒಬ್ಬ ಪ್ಲಗ್ ಅಂದ, ಇನ್ನೊಬ್ಬ ಪಾಯಿಂಟ್ ಅಂದ, ಮೂರನೇವ್ನು ಸುಮ್ನೆ ಹತ್ರ ಬಂದು ಟ್ಯಾಂಕ್ ತೆಗೆದು ಮೂಸಿ ನೋಡಿ "ಆಯಿಲ್ಲೇ ಹಾಕಿಲ್ವಲ್ಲ ಸಾ" ಅಂದ. ಅವತ್ತು ನಂಗೆ ನೂರು ಜನರ ಮುಂದೆ ಪ್ಯಾಂಟ್ ಹರಿದಿದ್ರೂ ಅಷ್ಟು ನಾಚಿಕೆ ಆಗ್ತಿರ್ಲಿಲ್ಲ.

ಲಗೇಜ್ ಆಟೋಗೆ ಹಾಕ್ಕೊಂಡು ಮೈಸೂರಿಗೇ ಹೋದೆ. ಮೈಸೂರು ಅಂದ್ರೆ ಇದಕ್ಕೆ ತವರು ಮನೆ ತಾನೆ, ಇದನ್ನ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟ್ರಿ 1961ರಲ್ಲಿ ಶುರುವಾಗಿದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಎರಡೂ ಅಲ್ಲೇ ಯಾದವಗಿರಿಲಿ. ಆ ಫ್ಯಾಕ್ಟ್ರೀಲೇ ಕೆಲಸ ಕಲಿತ ಒಬ್ರು ಮನೆ ಹಿಂದೆ ಶೆಡ್ ಇಟ್ಕೊಂಡಿದ್ದಾರೆ, ಎಲ್ರೂ ಫ್ಯಾಕ್ಟ್ರಿ ತಾತ ಅಂತಾರೆ. ಅವರು ಗಾಡಿ ನೋಡಿ ನನ್ನ ಮುಖ ನೋಡ್ಲಿಲ್ಲ, ಗಾಡಿ ಬೆನ್ನು ಸವರಿ "ಏನಮ್ಮ ಮಾಡುದ್ರು ನಿಂಗೆ" ಅಂದ್ರು.

ಸಮಸ್ಯೆ ಶುರುವಾಗಿದ್ದು ತಾತನ ಮೊಮ್ಮಗನಿಂದ. ಇಂಜಿನ್ ಹೆಂಗೂ ಬಿಚ್ತೀವಿ, ಬರೀ ರಿಪೇರಿ ಯಾಕೆ, ಅಪ್‌ಗ್ರೇಡೇ ಮಾಡ್ಬಿಡಣ ಅಂದ. ಪೋರ್ಟ್ ಅಂದ್ರೆ ಸಿಲಿಂಡರ್ ಗೋಡೇಲಿರೋ ಕಿಂಡಿ, ಅದನ್ನ ಅರ ಹಾಕಿ ದೊಡ್ಡದು ಮಾಡೋದು, ದೊಡ್ಡ ಕಾರ್ಬುರೇಟರ್, ಎಕ್ಸ್‌ಪ್ಯಾನ್ಷನ್ ಚೇಂಬರ್ ಅನ್ನೋ ರೇಸಿನ ಸೈಲೆನ್ಸರ್, ಪ್ಲಗ್‌ಗೆ ಕಿಡಿ ಕೊಡಿಸೋ ಪಾಯಿಂಟ್ ಕಿತ್ತು ಅದೇ ಕೆಲಸಕ್ಕೆ ಎಲೆಕ್ಟ್ರಾನಿಕ್ ಸಿಡಿಐ. "ಅಣ್ಣಾ, ಈಗಿರೋದು 16 ಹಾರ್ಸ್‌ಪವರ್ರು, ಅದನ್ನ 22ಕ್ಕೆ ಎತ್ತಿ ಕೊಡ್ತೀನಿ." ತಾತ ಬೀಡಿ ಆರಿಸಿ "ಕುದ್ರೆ ಜಾಸ್ತಿ ಮಾಡ್ತೀಯ ಸರಿ, ಬ್ರೇಕ್ ಅದೇ ಹಳೇ ಡ್ರಮ್ಮಲ್ವಾ, ಲಗಾಮ್ ಯಾರ್ ಹಿಡ್ಕೋತಾರೆ, ನೀನಾ?" ಅಂದ್ರು. ಪೋರ್ಟ್ ಎತ್ತರ ಮಾಡಿದ್ರೆ ಮೇಲಿನ ಸ್ಪೀಡಲ್ಲಿ ಹಾರುತ್ತೆ, ಕೆಳಗಿನ ಎಳೆತ ಹೋಗುತ್ತೆ, ಆಮೇಲೆ ಹೆಂಡ್ತಿ ಕೂರಿಸ್ಕೊಂಡು ಚಾಮುಂಡಿ ಬೆಟ್ಟ ಹತ್ತೋವಾಗ ಇಳಿದು ತಳ್ಬೇಕಾಗುತ್ತೆ ಅಂದ್ರು. ಮೊಮ್ಮಗ ಅವರ ಬೆನ್ನ ಹಿಂದೆ ನಿಂತು ನಂಗೆ ಬೇಡ ಬೇಡ ಕೇಳ್ಬೇಡಿ ಅಂತ ಕೈ ಆಡಿಸ್ತಿದ್ದ.

ಒಂದು ವಾರ ಟೈಮ್ ಕೇಳಿ ಮನೆಗೆ ಬಂದೆ. ರಾತ್ರಿ ಎರಡು ಗಂಟೆವರೆಗೆ ವಿಡಿಯೋ ನೋಡೋದು, ಬೆಳಿಗ್ಗೆ ಎದ್ದು ನಿರ್ಧಾರ ಬದಲಾಯ್ಸೋದು. ಸೋಮವಾರ ನಾನು ಸಂಪ್ರದಾಯಸ್ಥ, ಮಂಗಳವಾರ ರೇಸರ್. ಹೆಂಡ್ತಿ "ಆ ದುಡ್ಡಿಗೆ ಎಲೆಕ್ಟ್ರಿಕ್ ಸ್ಕೂಟರಿಗೆ ಡೌನ್‌ಪೇಮೆಂಟ್ ಆಗುತ್ತೆ" ಅಂದ್ಲು, ಅದು ಸರಿಯಾದ ಮಾತೇ, ಅದಕ್ಕೇ ನಾನು ಕೇಳಿಸ್ಕೊಳ್ಲಿಲ್ಲ. ಫ್ರೆಂಡ್ ಒಬ್ಬ, ಯೆಜ್ಡಿ ಹೆಸರು 2022ರಲ್ಲೇ ವಾಪಸ್ ಬಂದಿದೆಯಲ್ಲೋ, 334 ಸಿಸಿ ಹೊಸದು ತಗೋ ಅಂದ. ಅಪ್ಪಂಗೆ ವಯಸ್ಸಾಯ್ತು ಅಂತ ಹೊಸ ಅಪ್ಪನ್ನ ತರ್ತಾರಾ ಅಂತ ಕೇಳ್ದೆ. ಡೈಲಾಗ್ ಹೊಡೆದ ಮೇಲೆ ರಿಪೇರಿ ಮಾಡ್ಸದೆ ವಿಧಿ ಇರ್ಲಿಲ್ಲ.

ಶನಿವಾರ ಹೋದಾಗ ತಾತ ಸಿಲಿಂಡರ್ ಎತ್ತಿ ಇಟ್ಟಿದ್ರು, ಒಳಗೆಲ್ಲ ಉದ್ದುದ್ದ ಗೀರು. ಪಿಸ್ಟನ್ ತಲೆ ಮೇಲಿನ ಕರಿ ಒರೆಸಿ ನನ್ನ ಕೈಗೆ ಕೊಟ್ರು. ಅಲ್ಲಿ 1.00 ಅಂತ ಕೆತ್ತಿತ್ತು.

"ಒನ್ ಅಂದ್ರೆ ಒಳ್ಳೇ ಕ್ವಾಲಿಟಿನಾ ತಾತ?"

"ಒಳ್ಳೇ ಕ್ವಾಲಿಟಿ ನಿಮ್ಮಪ್ಪಾಜೀದು" ಅಂದ್ರು. ಕಂಪನಿಯಿಂದ ಬರುವಾಗ ಬೋರು, ಅಂದ್ರೆ ಸಿಲಿಂಡರ್ ಒಳಗಿನ ಅಗಲ, 65 ಮಿಲಿಮೀಟರ್. ಸವೆದಾಗ್ಲೆಲ್ಲ ಕಾಲು ಮಿಲಿಮೀಟರ್ ಕೊರೆದು ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕ್ತಾರೆ. 0.25, 0.50, 0.75, ಕೊನೇಗೆ 1.00. ಒಂದೊಂದೇ ಮೆಟ್ಲು ಹತ್ತಿದ್ರೆ ನಾಲ್ಕು ಸಲ ಇಂಜಿನ್ ಕೆಲಸ ಆಗಿದೆ ಅಂತ ಅರ್ಥ. ನಂಗೆ ತಲೆ ತಿರುಗ್ತು. ಯಾಕಂದ್ರೆ ನಮ್ಮ ಮನೇಲಿ ಆ ಗಾಡಿಗೆ ಇಂಜಿನ್ ಕೆಲಸ ಒಂದ್ಸಲಾನೂ ಆಗಿಲ್ಲ, ಅದು ಅಪ್ಪನ ದೊಡ್ಡ ಹೆಮ್ಮೆ. ಅವರು ಗಾಡಿ ತಗೊಂಡು ಮೈಸೂರಿಗೆ ಹೋಗಿ ಬಸ್ಸಲ್ಲಿ ವಾಪಸ್ ಬಂದು, ವಾರ ಬಿಟ್ಟು ಹೋಗಿ ತರ್ತಿದ್ದಿದ್ದು ಬರೀ "ಪ್ಲಗ್ ಕ್ಲೀನ್ ಮಾಡ್ಸಕೆ". ಅಲ್ಲಿಂದಲೇ ಫೋನ್ ಮಾಡಿ ವಿಷಯ ಹೇಳ್ದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಸಿಗ್ನಲ್ ಸಿಕ್ತಿಲ್ಲ ಕಣ್ಲಾ" ಅಂತ ಸ್ಪಷ್ಟವಾಗಿ ಕೇಳಿಸ್ತು, ಕಟ್ಟಾಯ್ತು.

ಇನ್ನು ಕೊರೆಯೋಕೆ ಲೋಹ ಉಳಿದಿಲ್ಲ ಅಂದ್ಮೇಲೆ ಚರ್ಚೆ ತಾನಾಗೇ ಮುಗೀತು. ಸಿಲಿಂಡರ್ ಒಳಗೆ ಹೊಸ ಸ್ಲೀವ್, ಅಂದ್ರೆ ಲೋಹದ ಕೊಳವೆ, ಹೊಡೆಸಿ ವಾಪಸ್ 65ಕ್ಕೆ ಬರೋದು, ಅಂದ್ರೆ ಗಾಡಿಗೆ ಮತ್ತೆ ನಾಲ್ಕು ಜನ್ಮ. ಜೊತೆಗೆ ಕನೆಕ್ಟಿಂಗ್ ರಾಡ್ ಕಿಟ್ಟು, ಬೇರಿಂಗು, ಕ್ರ್ಯಾಂಕ್ ಆಯಿಲ್ ಸೀಲು. ಸೀಲ್ ವಿಷಯದಲ್ಲಿ ತಾತ ತುಂಬಾ ಸ್ಟ್ರಿಕ್ಟು, ಟೂ ಸ್ಟ್ರೋಕಲ್ಲಿ ಪೆಟ್ರೋಲು ಗಾಳಿ ಕ್ರ್ಯಾಂಕ್‌ಕೇಸ್ ಮೂಲಕಾನೇ ಮೇಲೆ ಹೋಗ್ಬೇಕು, ಸೀಲ್ ಲೀಕಾಗಿ ಎಕ್ಸ್‌ಟ್ರಾ ಗಾಳಿ ಎಳೆದ್ರೆ ಬಿಸಿಯಾಗಿ ಪಿಸ್ಟನ್ ಕಚ್ಕೊಂಡು ಮತ್ತೆ ಸೀಜ್, ಆಗ ಆಯಿಲ್ ಹಾಕಿದ್ದೆ ಅಂತ ನೀನು ಅತ್ರೂ ಬರಲ್ಲ ಅಂದ್ರು. ಮೊಮ್ಮಗನ ಮನಸ್ಸಿಗೆ ನೋವಾಗ್ಬಾರ್ದು ಅಂತ ಸಿಡಿಐ ಒಂದಕ್ಕೆ ಒಪ್ಕೊಂಡೆ, ನಿಜ ಹೇಳ್ಬೇಕಂದ್ರೆ ಪಾಯಿಂಟ್ ಗ್ಯಾಪ್ ಇಡೋದು ನಂಗೆ ಈ ಜನ್ಮದಲ್ಲಿ ಬರಲ್ಲ. ತಾತ ಹಳೇ ಪಾಯಿಂಟ್‌ನ ಪೇಪರಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಿದ್ರು, ಬುದ್ಧಿ ಬಂದಾಗ ಬೇಕಾಗುತ್ತೆ ಅಂತ.

ಸೈಲೆನ್ಸರ್ ಒಳಗಿನ ಕೊಳವೆಲಿ ಕರಿ ಕಟ್ಟಿದೆ, ಬೆಂಕಿಗೆ ಹಾಕಿ ಸುಟ್ಟು ಕೊಡವು ಅಂತ ಕೈಗೆ ಕೊಟ್ಟು ಕಳಿಸಿದ್ರು. ನಾನು ನಮ್ಮ ಬಚ್ಚಲು ಒಲೆಗೇ ಹಾಕ್ದೆ. ನಲವತ್ತು ವರ್ಷದ ಟೂಟಿ ಆಯಿಲ್ ಒಟ್ಟಿಗೆ ಉರಿಯೋದು ಹೆಂಗಿರುತ್ತೆ ಅಂತ ನಮ್ಮ ಬೀದಿಗೆ ಅವತ್ತೇ ಗೊತ್ತಾಗಿದ್ದು. ಪಕ್ಕದ್ಮನೆ ಆಂಟಿ ಒಣ ಹಾಕಿದ್ದ ಬಿಳಿ ಪಂಚೆಗಳನ್ನ ಎತ್ಕೊಂಡು ಓಡಿದ್ರು, ಆದ್ರೂ ಅಂಕಲ್ಲು ಸಂಕಷ್ಟಿಗೆ ಬೂದಿ ಬಣ್ಣದ ಪಂಚೇಲೇ ದೇವಸ್ಥಾನಕ್ಕೆ ಹೋದ್ರು.

ಗಾಡಿ ರೆಡಿಯಾಗಿದ್ದು ಜಾವಾ-ಯೆಜ್ಡಿ ಡೇ ಹಿಂದಿನ ದಿನ. ಆದ್ರೆ ಹೊಸ ಬೋರು, ಮೊದಲ 500 ಕಿಲೋಮೀಟರ್ ನಲವತ್ತು ದಾಟಂಗಿಲ್ಲ. ಮನೆಗೆ ತಂದು, ಮಾರನೇ ದಿನ ಮಂಡ್ಯದಿಂದ ನಲವತ್ತರಲ್ಲೇ ಹೊರಟೆ, ಕಿರಂಗೂರಲ್ಲಿ ಅದೇ ಲಗೇಜ್ ಆಟೋದವ್ನು ಹಾರ್ನ್ ಹೊಡೆದು ಓವರ್‌ಟೇಕ್ ಮಾಡಿ "ಹಾಕಣಾ ಸಾ ಹಿಂದಕ್ಕೆ?" ಅಂದ. ನಾನು ಮೈಸೂರು ಮುಟ್ಟೋವಾಗ ಎಲ್ರೂ ಫೋಟೋ ತಕ್ಕೊಂಡು ತಿಂಡಿ ತಿಂದು ಹೊರಡ್ತಾ ಇದ್ರು.

ಸಾಯಂಕಾಲ ಮನೆಗೆ ಬಂದೆ. ಅಪ್ಪ ಜಗುಲಿ ಮೇಲೆ ಪೇಪರ್ ಓದ್ತಿದ್ರು, ಅಮ್ಮ ಅವರೆಕಾಯಿ ಬಿಡಿಸ್ತಿದ್ಲು.

"ಯಾನಾಗಿತ್ಲಾ ಗಾಡಿಗೆ, ಎರಡ್ ತಿಂಗ್ಳು?"

ಅಪ್ಪನ ಪೇಪರ್ ಒಂಚೂರು ಕೆಳಗಿಳೀತು. ನಾನು "ಏನಿಲ್ಲಮ್ಮ, ಪ್ಲಗ್ ಕ್ಲೀನ್ ಮಾಡಿಸ್ದೆ" ಅಂದೆ.

ಅಮ್ಮ ಕೈಲಿದ್ದ ಅವರೆಕಾಯಿಂದ ಕಣ್ಣೆತ್ಲಿಲ್ಲ. "ನಿಮ್ಮಪ್ಪಂದು ಒಂದ್ಸತಿ ಪ್ಲಗ್ ಕಿಲೀನ್ ಆಗ್ಬೇಕಾದ್ರೆ ಒಂದ್ ಲೋಡ್ ಕಬ್ಬಿನ್ ದುಡ್ಡು ಒಯ್ತಿತ್ತು" ಅಂದ್ಲು. "ನಿಂದು ಎಷ್ಟ್ ಲೋಡು?"

ಅಪ್ಪ ಹಸೂಗೆ ಹುಲ್ಲು ಹಾಕ್ಬೇಕು ಅಂತ ಎದ್ದು ಹೋದ್ರು. ನಾವು ಹಸು ಮಾರಿ ಮೂರು ವರ್ಷ ಆಯ್ತು.